ಬೆನ್ನ ಹಿಂದಿನ ಸಾಲು

೧೧ ಜನವರಿ ೨೦೧೪, ಶನಿವಾರ

ಇವತ್ತು ಶಾಲೆಗೆ ಹೋಗಿ ಹೆಸರು ಕೊಟ್ಟು ಬಂದೆ. ಅರವತ್ತು ದಾಟಿದ ಮೇಲೆ ಚುನಾವಣೆಗೆ ನಿಂತಿದ್ದೇನೆ ಎಂದು ಬರೆಯಲು ನನಗೇ ನಗು ಬರುತ್ತದೆ.

ಆ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟೆ. ಮಂಡಿನೋವು ಹೆಚ್ಚಾಗಿ ಎರಡು ವರ್ಷದ ಹಿಂದೆ ಬಿಟ್ಟೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡು ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆಸಿಕೊಂಡು ಹಾಯಾಗಿದ್ದೆ. ಹೋದ ವಾರ ಹೆಡ್ ಟೀಚರ್ ಫಿಲೋಮಿನಾ ಫೋನ್ ಮಾಡಿದಳು. "ಮ್ವಾಲಿಮು" ಎಂದಳು. ಟೀಚರ್ ಎನ್ನುವುದಕ್ಕೆ ಇಲ್ಲಿಯ ಸ್ವಾಹಿಲಿ ಮಾತು ಅದು, ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಮ್ವಾಲಿಮು, ನಿಮ್ಮ ಮಕ್ಕಳನ್ನು ಹೊರಗೆ ಹಾಕುತ್ತಿದ್ದಾರೆ."

ವಿಷಯ ಇಷ್ಟು. ಎಂಟನೇ ತರಗತಿಯ ಸರ್ಕಾರಿ ಪರೀಕ್ಷೆಗೆ ಮಾರ್ಚಿನಲ್ಲಿ ಹೆಸರು ನೋಂದಾಯಿಸಬೇಕು. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಈ ಸಲ ನಮ್ಮ ಶಾಲೆಯ ಲೆಕ್ಕದಲ್ಲಿ ಕೂರಿಸದೆ, ಊರಂಚಿನ ಕಸರಾನಿಯಿಂದಲೂ ಆಚೆ ಇರುವ ಯಾವುದೋ ಸಣ್ಣ ಶಾಲೆಯ ಲೆಕ್ಕದಲ್ಲಿ ಕೂರಿಸಬೇಕು ಎಂದು ಆಡಳಿತ ಮಂಡಳಿಯ ಅರ್ಧ ಜನ ಹಟ ಹಿಡಿದಿದ್ದಾರೆ. ಆಗ ನಮ್ಮ ಮೀನ್ ಸ್ಕೋರ್, ಅಂದರೆ ಶಾಲೆಯ ಸರಾಸರಿ, ಮೇಲೇರಿ ಪೇಪರಿನಲ್ಲಿ ಹೆಸರು ಬರುತ್ತದಂತೆ. ಉಳಿದ ಅರ್ಧ ಜನ ಬೇಡ ಅನ್ನುತ್ತಿದ್ದಾರೆ. ಪೋಷಕರು ಆರಿಸುವ ಸೀಟು ಒಂದು ಖಾಲಿ ಇದೆ. ಅಲ್ಲಿಗೆ ಯಾರು ಬರುತ್ತಾರೋ ಅವರ ಮಾತೇ ಕೊನೆಯ ಮಾತು.

ಎಂಟು ವರ್ಷ ನಮ್ಮ ಬೆಂಚಿನ ಮೇಲೆ ಕೂತ ಮಗುವನ್ನು ಪರೀಕ್ಷೆಯ ದಿನ ಕಂಡವರ ಬಾಗಿಲಿಗೆ ಅಟ್ಟುವುದೆಂದರೇನು? ಎಲ್ಲರನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ. ಬೇಡದವರನ್ನು ಬಿಟ್ಟು ಭಾಗಿಸಿದರೆ ಅದು ಕಾಪಿ ಹೊಡೆಯುವುದು. ನನಗೆ ಮೈಯೆಲ್ಲ ಉರಿಯಿತು. ಹಳೆಯ ಶಿಕ್ಷಕರೂ ನಿಲ್ಲಬಹುದು ಎಂದು ನಿಯಮವಿದೆ, ನಿಂತೆ. ಓಟು ಮಾತ್ರ ಈಗ ಓದುತ್ತಿರುವ ಮಕ್ಕಳ ಮನೆಯವರದು, ಮನೆಗೊಂದು.

ಇವರಿಗೆ ಹೇಳಿದೆ. ಪೇಪರಿನಿಂದ ತಲೆಯೆತ್ತದೆ, "ಗೆದ್ರೆ ಮೀಟಿಂಗು, ಸೋತ್ರೆ ಬಿ.ಪಿ. ಎರಡರಲ್ಲೂ ಕಾಫಿ ಮಾಡ್ಕೊಳ್ಳೋನು ನಾನೇ" ಅಂದರು. ಹಾಸ್ಯಕ್ಕೆ ಹತ್ತಕ್ಕೆ ನಾಲ್ಕು.

೧೪ ಜನವರಿ, ಸಂಕ್ರಾಂತಿ

ಎಳ್ಳು ಬೀರಲು ಧನಂಜಯ್ ಮನೆಯವರು ಬಂದಿದ್ದರು. ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ, ಬೆಂಗಳೂರಿನಿಂದ ಬಂದು ಮೂರು ವರ್ಷವಾಗಿರಬೇಕು. ಏಳನೇ ತರಗತಿಯಲ್ಲಿ ಓದುವ ಒಬ್ಬಳೇ ಮಗಳು ಚಿನ್ಮಯಿ, ನಾನು ಬಿಟ್ಟ ಮೇಲೆ ದೊಡ್ಡ ಕ್ಲಾಸಿಗೆ ಬಂದವಳು. ಎಳ್ಳು ಬಾಯಿಗೆ ಹಾಕಿಕೊಳ್ಳುವ ಮೊದಲೇ ಅವನು ಹೇಳಿಬಿಟ್ಟ:

"ಮಿಸ್, ಬೇರೆಯವರಿಂದ ಗೊತ್ತಾಗೋದು ಬೇಡ. ನಾನೂ ನಿಂತಿದೀನಿ. ಅದೇ ಸೀಟಿಗೆ."

"ಮೀನ್ ಸ್ಕೋರಿನ ಕಡೆಯೋ?"

"ಸ್ಕೂಲಿಗೆ ಒಂದು ಸ್ಟ್ಯಾಂಡರ್ಡ್ ಬೇಕಲ್ವಾ ಮಿಸ್?"

ಮುಖಕ್ಕೆ ಮುಖ ಕೊಟ್ಟು ಹೇಳಿದ್ದಕ್ಕೆ ಹತ್ತಕ್ಕೆ ಎಂಟು. ಹೇಳಿದ ವಿಷಯಕ್ಕೆ ಸೊನ್ನೆ. ಸಕ್ಕರೆ ಅಚ್ಚು ಮಾತ್ರ ಎರಡು ಹೆಚ್ಚಿಗೆ ಕೊಟ್ಟು ಕಳಿಸಿದೆ, ಹಬ್ಬದ ದಿನ ಮನಸ್ಸು ಕೆಡಿಸಿಕೊಳ್ಳಬಾರದು.

೨೨ ಜನವರಿ

ಓಟು ಕೇಳುವುದು ಎಂಥ ಕಷ್ಟ!

ಸಂಜೆ ಶಾಲೆಯ ಗೇಟಿನ ಹತ್ತಿರ ನಿಂತೆ, ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಂದೆ ತಾಯಿಯರನ್ನು ಮಾತಾಡಿಸೋಣ ಎಂದು. ಒಬ್ಬ ತಂದೆ ನನ್ನನ್ನು ಕಂಡದ್ದೇ ಮಗನ ಅಂಗಿಯ ಕಾಲರ್ ಸರಿ ಮಾಡಿದ. ಒಬ್ಬಳು ತಾಯಿ, "ನಾಳೆಯಿಂದ ಲೇಟಾಗಲ್ಲ ಮಿಸ್" ಅಂದಳು. ಫಿಲೋಮಿನಾ ಆಫೀಸಿನ ಕಿಟಕಿಯಿಂದ ನೋಡಿ ನಕ್ಕು ನಕ್ಕು ಸಾಕಾಗಿ, ಆಮೇಲೆ ಕರೆದು ಹೇಳಿದಳು: "ಮ್ವಾಲಿಮು, ನೀವು ಓಟು ಕೇಳುವವರ ಹಾಗೆ ಕಾಣುವುದಿಲ್ಲ, ಯೂನಿಫಾರ್ಮ್ ತಪಾಸಣೆಗೆ ಬಂದವರ ಹಾಗೆ ಕಾಣುತ್ತೀರಿ."

ಜೀವಮಾನವಿಡೀ ಇನ್ನೊಬ್ಬರಿಗೆ ಹೇಳಿದ್ದೇ ಹೊರತು ಕೇಳಿದ್ದಿಲ್ಲ. "ನನಗೆ ಓಟು ಕೊಡಿ" ಎಂಬ ಮೂರು ಪದ ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತವೆ. ಇವರು ಕನ್ನಡಿಯ ಮುಂದೆ ಅಭ್ಯಾಸ ಮಾಡು ಅನ್ನುತ್ತಾರೆ. ಮಾಡಿದೆ. ಕನ್ನಡಿಗೂ ಕೊಡಲು ಮನಸ್ಸಿರಲಿಲ್ಲ.

೨೬ ಜನವರಿ

ಮೊಂಬಾಸಾ ರೋಡಿನಲ್ಲಿ ಕಾರು ನಿಂತುಹೋಯಿತು. ಬಾಡಿಗೆ ವ್ಯಾನಿನ ಮಟಾಟುಗಳವರು ಹಾರನ್ ಬಾರಿಸಿ ಬಾರಿಸಿ ಕಿವಿ ತೂತು ಮಾಡಿದರು. ಹಿಂದೆಯೇ ಬಂದ ಧನಂಜಯ್ ತನ್ನ ಕಾರು ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ, ನನ್ನನ್ನು ಮನೆವರೆಗೆ ಬಿಟ್ಟ. ಎದುರಾಳಿಯ ಕಾರಿನಲ್ಲಿ ಎ.ಸಿ. ಚೆನ್ನಾಗಿದೆ. ಹಿಂದಿನ ಸೀಟಿನಲ್ಲಿ ಚಿನ್ಮಯಿ ಕೂತಿದ್ದಳು. "ಗಣಿತ ಹೇಗಿದೆ ಪುಟ್ಟಿ?" ಎಂದೆ. "ಫೈನ್, ಆಂಟಿ" ಎಂದು ಕಿಟಕಿಯ ಕಡೆ ತಿರುಗಿದಳು. ಈಗಿನ ಮಕ್ಕಳಿಗೆ ಮಾತೇ ಬೇಡ.

ದಾರಿಯುದ್ದಕ್ಕೂ ಅವನು ನನ್ನ ಮಂಡಿನೋವಿನ ಬಗ್ಗೆ ವಿಚಾರಿಸಿದ. ಇಂಥವನನ್ನು ದ್ವೇಷಿಸುವುದು ಹೇಗೆ? ನಮ್ಮ ಸೀಟು ಬೇರೆ ಬೇರೆ ಆಗಿದ್ದರೆ ನಾನೇ ಅವನಿಗೆ ಓಟು ಹಾಕಿಸುತ್ತಿದ್ದೆನೋ ಏನೋ.

೧ ಫೆಬ್ರವರಿ, ಶನಿವಾರ

ಉಪಾಯ ಹೊಳೆಯಿತು. ಕೇಳುವುದು ಬರುವುದಿಲ್ಲ, ಸರಿ. ಕರೆಯುವುದು ಬರುತ್ತದಲ್ಲ! ಮದುವೆ ಮುಂಜಿಗೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವ ಪದ್ಧತಿ ಯಾಕಿದೆ? ಮನೆಯ ತನಕ ಹೋಗಿ ಕರೆದರೆ ಯಾರೂ ಇಲ್ಲ ಅನ್ನುವುದಿಲ್ಲ. ಶಾಲೆಯಲ್ಲಿ ಕನ್ನಡದವರ ಮನೆಗಳು ಕಡಿಮೆಯೇನಿಲ್ಲ. ಬೆಳ್ಳಿ ಭರಣಿ ತೊಳೆದು ಕುಂಕುಮ ತುಂಬಿಕೊಂಡು ಹೊರಟೆ.

ಎಷ್ಟು ಸುಲಭ! ಹೋದಲ್ಲೆಲ್ಲ ಹಣೆಗೆ ಕುಂಕುಮ ಇಟ್ಟು, "ಹದಿನೈದನೇ ತಾರೀಖು ಶನಿವಾರ ಬೆಳಗ್ಗೆ ಹತ್ತಕ್ಕೆ, ಶಾಲೆಯ ಹಾಲ್‌ನಲ್ಲಿ. ಎಲ್ಲರೂ ಬರಲೇಬೇಕು" ಅಂದೆ. ಬೇರೇನೂ ಹೇಳುವ ಅಗತ್ಯವೇ ಬೀಳಲಿಲ್ಲ. ಯಾಕೆ ಎಂದು ಎಲ್ಲರಿಗೂ ಗೊತ್ತೇ ಇದೆ. ಎಲ್ಲರೂ ಸಂತೋಷದಿಂದ, "ಬರದೆ ಇರ್ತೀವಾ ಮಿಸ್! ಅಂಕಲ್ ಹೇಗಿದಾರೆ?" ಅಂದರು. ಇವರ ಆರೋಗ್ಯದ ಮೇಲೆ ಇದ್ದಕ್ಕಿದ್ದಂತೆ ಎಲ್ಲರಿಗೂ ಇಷ್ಟು ಕಾಳಜಿ ಯಾಕೋ ತಿಳಿಯಲಿಲ್ಲ.

ಹೋದ ಮನೆಗಳಲ್ಲೆಲ್ಲ ಉಪ್ಪಿಟ್ಟು. ಅನುರಾಧಾ ಮಾಡಿದ್ದಕ್ಕೆ ಹತ್ತಕ್ಕೆ ಒಂಬತ್ತು.

೫ ಫೆಬ್ರವರಿ

ಫಿಲೋಮಿನಾ ಓಟಿನ ವಿಧಾನ ಹೇಳಿದಳು. ಹೋದ ಸಲ ಚೀಟಿ ಹಾಕಿಸಿ, ಎಣಿಸುವಾಗ ಜಗಳವಾಗಿತ್ತಂತೆ. ಆದ್ದರಿಂದ ಈ ಸಲ ಮ್ಲೊಲೊಂಗೊ, ಅಂದರೆ ಸಾಲು. ಅಭ್ಯರ್ಥಿಗಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಬೇಕಾದವರ ಬೆನ್ನ ಹಿಂದೆ ಜನ ಮನೆಗೊಬ್ಬರಂತೆ ಸಾಲಾಗಿ ನಿಲ್ಲಬೇಕು. ತಲೆ ಎಣಿಸಿದರೆ ಮುಗಿಯಿತು. ನಾವು ಹಿಂತಿರುಗಿ ನೋಡುವಂತಿಲ್ಲ.

ನನಗೆ ಒಳ್ಳೆಯದೇ ಅನ್ನಿಸಿತು. ಮುಚ್ಚುಮರೆ ಇಲ್ಲ. ಹಿಂದುಳಿದ ಮಕ್ಕಳ ಮನೆಯವರು ಏನಿಲ್ಲವೆಂದರೂ ಶಾಲೆಯ ಮೂರರಲ್ಲಿ ಒಂದು ಪಾಲು ಇದ್ದಾರೆ. ಅವರಷ್ಟೂ ನನ್ನ ಹಿಂದೆ ಬಂದರೆ, ಅದರ ಜೊತೆಗೆ ಕುಂಕುಮದ ಮನೆಗಳೂ ಸೇರಿದರೆ, ಗೆದ್ದ ಹಾಗೇ.

೮ ಫೆಬ್ರವರಿ, ಶನಿವಾರ

ಹಂಸಾ ಮನೆಗೆ ಹೋಗಿದ್ದೆ. ಗಂಡ ಪುರುಷೋತ್ತಮ ಟೆಲಿಕಾಂ ಕಂಪನಿಯಲ್ಲಿದ್ದಾನೆ, ಟೂರಿನ ಮೇಲಿದ್ದ. ಮಗ ಚಿರಂತನ್ ಎಂಟನೇ ತರಗತಿ. ನನ್ನ ಹತ್ತಿರ ಐದನೇ ತರಗತಿ ಓದಿದವನು. ಒಳ್ಳೆಯ ಹುಡುಗ, ಭಿನ್ನರಾಶಿ ಕಂಡರೆ ಹಾವು ಕಂಡಂತೆ ಆಡುತ್ತಾನೆ. ಹೊರಗೆ ಹೋಗುವವರ ಪೈಕಿ ಅವನ ಹೆಸರು ಖಂಡಿತ ಇರುತ್ತದೆ. ಇದು ನನ್ನ ಗ್ಯಾರಂಟಿ ಓಟು ಎಂದುಕೊಂಡೇ ಹೋಗಿದ್ದೆ.

ಹುಡುಗನನ್ನು ಒಳಗೆ ಕಳಿಸಿ, ಬಾಗಿಲು ಹಾಕಿ, ಹಂಸಾ ಕಣ್ಣೀರು ಹಾಕಿದಳು.

"ಮಿಸ್, ನೀವು ಗೆಲ್ಲಲಿ ಅಂತ ದಿನಾ ದೇವರಿಗೆ ದೀಪ ಹಚ್ತೀನಿ. ಆದ್ರೆ ನಿಮ್ಮ ಹಿಂದೆ ಬಂದು ನಿಲ್ಲೋಕೆ ಆಗಲ್ಲ."

"ಯಾಕಮ್ಮಾ?"

"ಅಲ್ಲಿ ನಿಂತ್ರೆ ನಮ್ಮ ಹುಡುಗ ದಡ್ಡ ಅಂತ ಬೋರ್ಡ್ ಹಾಕ್ಕೊಂಡ ಹಾಗೆ ಅಲ್ವಾ ಮಿಸ್? ಎಲ್ರೂ ನೋಡ್ತಾರೆ. ಇವ್ರ ಆಫೀಸಿನವರೇ ನಾಲ್ಕು ಜನ ಇದಾರೆ. ಪಾರ್ಟಿಗಳಲ್ಲಿ ಚಿರು ಕ್ಲಾಸಿಗೆ ಥರ್ಡು ಅಂತ ಹೇಳ್ಕೊಂಡಿದೀವಿ."

ಅವಳ ಬೆನ್ನು ಸವರಿ ಎದ್ದು ಬಂದೆ. ಸಾಲು ಎಂದಾಗ ಇದು ನನಗೆ ಹೊಳೆಯಲೇ ಇಲ್ಲವಲ್ಲ! ಯಾರ ಮಕ್ಕಳಿಗಾಗಿ ನಿಂತೆನೋ ಅವರೇ ನನ್ನ ಹಿಂದೆ ನಿಲ್ಲಲಾರರು.

೧೦ ಫೆಬ್ರವರಿ

ಎಲ್ಲೂ ಹೋಗಲಿಲ್ಲ. ಕೊತ್ತಂಬರಿಗೆ ನೀರು ಹಾಕಲಿಲ್ಲ. ಇವರೇ ಹಾಕಿದರು.

೧೩ ಫೆಬ್ರವರಿ

ಹಿಂದೆ ಸರಿಯುತ್ತೇನೆ ಎಂದು ಇವರಿಗೆ ಹೇಳಿದೆ. ಖಾಲಿ ಜಾಗದ ಮುಂದೆ ಗೋಡೆ ನೋಡಿಕೊಂಡು ನಿಲ್ಲುವುದಕ್ಕಿಂತ ಮನೆಯಲ್ಲಿರುವುದು ವಾಸಿ. ಇವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ವಿಶಾಲೂ, ನಿನ್ನ ಹಿಂದೆ ನಲವತ್ತು ವರ್ಷದಿಂದ ನಿಂತಿದೀನಿ. ಒಂದು ಸಲನಾದ್ರೂ ತಿರುಗಿ ನೋಡಿದ್ಯಾ? ಆದ್ರೂ ನಿಂತೇ ಇದೀನಲ್ಲ" ಅಂದರು. ತಮಾಷೆಗೇ ಹೇಳಿದ್ದು. ಆದರೂ ಸರಿಯುವುದು ಬೇಡ ಎಂದು ತೀರ್ಮಾನಿಸಿದೆ.

೧೫ ಫೆಬ್ರವರಿ, ಶನಿವಾರ

ಮನೆಗೆ ಬಂದು ಸೀರೆ ಕೂಡ ಬದಲಿಸದೆ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಹಾಲ್ ತುಂಬಿತ್ತು. ನಮ್ಮ ಕನ್ನಡದವರು ಬಂದದ್ದನ್ನು ನೋಡಬೇಕಿತ್ತು! ಹೆಂಗಸರೆಲ್ಲ ರೇಷ್ಮೆ ಸೀರೆ, ಮುಡಿ ತುಂಬ ಹೂವು. ಗಂಡಸರಿಗೆ ಜರಿ ಅಂಚಿನ ಪಂಚೆ. ಕೈಯಲ್ಲಿ ಹಣ್ಣಿನ ತಟ್ಟೆ, ಶಾಲು. ಅನುರಾಧಾಳ ಕೈಯಲ್ಲಿ ಎರಡು ದೊಡ್ಡ ಗುಲಾಬಿ ಹಾರ. ಉಳಿದ ಪೋಷಕರು ಶನಿವಾರದ ಟೀ ಶರ್ಟಿನಲ್ಲಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಫಿಲೋಮಿನಾ ನನ್ನ ಕಿವಿಯಲ್ಲಿ, "ಮ್ವಾಲಿಮು, ಮದುಮಗ ಎಲ್ಲಿ?" ಎಂದಳು.

ಮದುಮಗ ವರಾಂಡದಲ್ಲಿ ನಿಂತಿದ್ದರು. ಅನುರಾಧಾ ನೇರವಾಗಿ ಹೋಗಿ ಇವರ ಕಾಲಿಗೆ ನಮಸ್ಕರಿಸಿ, "ಎಪ್ಪತ್ತು ವರ್ಷ ಅನ್ಸೋದೇ ಇಲ್ಲ ರಮಾನಂದ ಅಂಕಲ್! ಪುರೋಹಿತರು ಬಂದ್ರಾ?" ಅಂದಳು.

ಆಗ ಗೊತ್ತಾಯಿತು. ಮುಂದಿನ ತಿಂಗಳು ಇವರಿಗೆ ಎಪ್ಪತ್ತು ತುಂಬುತ್ತದೆ. ಕುಂಕುಮ ಕೊಟ್ಟು ಕರೆದರೆ ಭೀಮರಥ ಶಾಂತಿಗಲ್ಲದೆ ಇನ್ನು ಯಾತಕ್ಕೆ ಎಂದು ಎಲ್ಲರೂ ಅಂದುಕೊಂಡುಬಿಟ್ಟಿದ್ದಾರೆ! ಚುನಾವಣೆ ಇರುವುದು ಗೊತ್ತಿದ್ದವರೂ, ಓಟು ಮುಗಿಸಿ ಅದೇ ಹಾಲ್‌ನಲ್ಲಿ ಶಾಂತಿ ಎಂದುಕೊಂಡು ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದಾರೆ. ಇವರು ಗೋಡೆ ಹಿಡಿದು ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಭಾಷಣಕ್ಕೆ ಕರೆದರು. ಧನಂಜಯ್ ಪರದೆಯ ಮೇಲೆ ಗ್ರಾಫ್ ತೋರಿಸಿ ಚೆನ್ನಾಗಿ ಮಾತಾಡಿದ. ನಾನು ಬರೆದುಕೊಂಡು ಬಂದದ್ದು ಪರ್ಸಿನಲ್ಲೇ ಉಳಿಯಿತು. ಸುತ್ತ ನೋಡಿದೆ. ಇಷ್ಟು ಜನ ದಾಕ್ಷಿಣ್ಯಕ್ಕೇ ನನ್ನ ಹಿಂದೆ ನಿಂತುಬಿಡುತ್ತಾರೆ, ಸುಮ್ಮನಿದ್ದರೆ ಸಾಕು ಎಂದು ಒಂದು ಕ್ಷಣ ಆಸೆಯಾದದ್ದು ನಿಜ. ಆದರೆ ಸುಳ್ಳು ಲೆಕ್ಕದ ವಿರುದ್ಧ ಹೋರಾಡಲು ಹೋಗಿ ನಾನೇ ಸುಳ್ಳು ಲೆಕ್ಕ ಮಾಡುವುದೇ?

ಮೊದಲು ಎಲ್ಲರಿಗೂ ಆಗುವಂತೆ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನಮ್ಮವರಿಗೆ ಕನ್ನಡದಲ್ಲೂ ಹೇಳಿದೆ.

"ಕ್ಷಮಿಸಿ. ಇವತ್ತು ಯಾವ ಸಮಾರಂಭವೂ ಇಲ್ಲ, ಊಟವೂ ಇಲ್ಲ. ನಿಮ್ಮನೆಗೆ ಬಂದಾಗ ಓಟು ಕೇಳೋಕೆ ನನಗೆ ಬಾಯಿ ಬರಲಿಲ್ಲ, ಅದಕ್ಕೇ ಹೀಗಾಯ್ತು. ಈಗ ಕೇಳ್ತೀನಿ. ನನಗೆ ನಿಮ್ಮ ಓಟು ಬೇಕು. ನಾನು ಗೆದ್ರೆ ಒಂದು ಮಗೂನೂ ಹೊರಗೆ ಕಳಿಸಲ್ಲ. ನಮ್ಮ ಸರಾಸರಿ ಕಮ್ಮಿ ಆಗಬಹುದು. ಅದು ಗೊತ್ತಿದ್ದು ನಿಲ್ಲೋರು ನಿಲ್ಲಿ. ಕುಂಕುಮದ ದಾಕ್ಷಿಣ್ಯಕ್ಕೆ ನಿಲ್ಲಬೇಡಿ."

ಆಮೇಲೆ ಗೋಡೆಗೆ ಮುಖ ಮಾಡಿ ನಿಂತೆ. ಮೂವತ್ತು ವರ್ಷ ಮಕ್ಕಳ ಕಡೆ ಮುಖ ಮಾಡಿ ನಿಂತವಳಿಗೆ ಬೆನ್ನು ಎಷ್ಟು ದೊಡ್ಡದು ಎಂದು ಇವತ್ತು ತಿಳಿಯಿತು. ಎಡಗಡೆ ಧನಂಜಯನ ಹಿಂದೆ ಬೂಟುಗಳ ಸದ್ದು ಆಗಲೇ ಸೇರುತ್ತಿತ್ತು. ನನ್ನ ಹಿಂದೆ ಏನೂ ಇಲ್ಲ. ಯಾರೋ ಹತ್ತಿರ ಬಂದರು ಎಂದುಕೊಂಡರೆ, "ಸಾರಿ ಮಿಸ್, ನಮ್ಮೆಜಮಾನ್ರು ಧನಂಜಯ್ ಬ್ಯಾಂಕಲ್ಲೇ ಇರೋದು" ಎಂದು ಪಿಸುಗುಟ್ಟಿ, ಹಣ್ಣಿನ ತಟ್ಟೆಯನ್ನು ನನ್ನ ಕಾಲ ಹತ್ತಿರ ಇಟ್ಟು ಹೋದರು.

ಆಮೇಲೆ ಚಪ್ಪಲಿ ಸದ್ದು. ಬಂದು ನಿಂತಿತು.

"ಮಿಸ್, ನಾನು ಹಂಸಾ" ಎಂದಿತು ಧ್ವನಿ. ಪಿಸುಮಾತಲ್ಲ. ಇಡೀ ಹಾಲ್‌ಗೆ ಕೇಳುವಂತೆ, ಇಂಗ್ಲಿಷಿನಲ್ಲಿ: "ನಾನು ಚಿರಂತನ್ ತಾಯಿ. ನನ್ನ ಮಗ ಕ್ಲಾಸಿಗೆ ಥರ್ಡ್ ಅಲ್ಲ. ಗಣಿತದಲ್ಲಿ ಫೇಲ್. ಅವನು ಈ ಶಾಲೆಯವನೇ."

ಆಮೇಲೆ ರೇಷ್ಮೆ ಸೀರೆಗಳ ಸರಸರ. "ಕುಂಕುಮ ತಗೊಂಡು ಇನ್ನೊಂದು ಸಾಲಲ್ಲಿ ನಿಂತ್ಕೊಳ್ಳೋದಾ, ನಡೀರಿ" ಎಂದು ಅನುರಾಧಾ ಗಂಡನನ್ನು ಗದರುವುದು ಕೇಳಿಸಿತು. ಬೇಡವೆಂದರೂ ದಾಕ್ಷಿಣ್ಯದವರು ಬಂದೇ ಬಂದರು. ಅವರು ಬಂದದ್ದರಿಂದ ಇನ್ನೊಂದು ಅನುಕೂಲವಾಯಿತು ಎಂದು ಇವರು ಆಮೇಲೆ ಹೇಳಿದರು: ಯಾರು ಕುಂಕುಮಕ್ಕೆ ನಿಂತವರು, ಯಾರು ಮಗುವಿಗೋಸ್ಕರ ನಿಂತವರು ಎಂದು ಕಣ್ಣಿಗೆ ಗೊತ್ತಾಗುತ್ತಿರಲಿಲ್ಲವಂತೆ. ಆ ಗುಂಪಿನ ನಡುವೆ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರಂತೆ, ಇಲ್ಲಿಯವರೇ ಆದ ಕಿಕುಯು ತಾಯಂದಿರು, ಗುಜರಾತಿ ತಂದೆಯರು, ತಲೆ ತಗ್ಗಿಸಿಕೊಂಡು. ನಿಂತ ಮೇಲೆ ತಲೆ ಎತ್ತಿದರಂತೆ. ಸಾಲು ಬಾಗಿಲು ದಾಟಿ ವರಾಂಡಕ್ಕೆ ಬಂದಾಗ, ಓಟಿಲ್ಲದ ಇವರೂ ಕೊನೆಯಲ್ಲಿ ನಿಂತು, ಫಿಲೋಮಿನಾ ಎಣಿಸುವಾಗ ಬೈಸಿಕೊಂಡು ಹೊರಗೆ ಬಂದರಂತೆ.

ಏಳು ಮನೆಗಳಿಂದ ಸೋತೆ.

ಹಂಸಾ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಆಮೇಲೆ ಅನುರಾಧಾ, ಹಾರ ಬಾಡಿಹೋಗುತ್ತೆ ಎಂದು, ಸೋತ ನನಗೊಂದು, ಗೆದ್ದ ಧನಂಜಯನಿಗೊಂದು ಹಾಕಿದಳು.

೧೬ ಫೆಬ್ರವರಿ

ಮೈಕೈ ನೋವು. ಮಕ್ಕಳ ಹೆಸರು ಒಂದೊಂದೇ ನೆನಪಿಗೆ ಬರುತ್ತದೆ. ಇವರು ಬೆಳಗ್ಗೆ ತಾವೇ ಕಾಫಿ ಮಾಡಿ ತಂದುಕೊಟ್ಟರು. ಸಕ್ಕರೆ ಜಾಸ್ತಿ. ತುಂಬ ಚೆನ್ನಾಗಿತ್ತು.

೨೦ ಫೆಬ್ರವರಿ

ಸಂಜೆ ಬಾಗಿಲು ತಟ್ಟಿದ ಸದ್ದು. ಧನಂಜಯ್. ಒಬ್ಬನೇ ಬಂದಿದ್ದ. ನಾಳೆ ಮಂಡಳಿಯ ಮೀಟಿಂಗು, ನೋಂದಣಿಯ ವಿಷಯ ಅಲ್ಲೇ ತೀರ್ಮಾನ. ಕೂತ, ಎದ್ದ, ಮತ್ತೆ ಕೂತ. ಇವರು ಏನೋ ನೆನಪಾದಂತೆ ಮಾಡಿ ಬಾಲ್ಕನಿಗೆ ಹೋದರು.

"ಅವತ್ತು ಹಂಸಾ ಮಾತಾಡಿದ್ರಲ್ಲ ಮಿಸ್, ಆಗಿಂದ ನಿದ್ದೆ ಬಂದಿಲ್ಲ" ಅಂದ. "ಚಿನ್ಮಯಿಗೆ ಗಣಿತ ಬರಲ್ಲ. ಏನೂ ಬರಲ್ಲ. ಮೂರು ಟ್ಯೂಷನ್ ಹಾಕಿಸಿದೀನಿ, ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ಅವಳೇ ಎಂಟನೇ ಕ್ಲಾಸು."

"ಮತ್ತೆ ನೀನು..." ಎಂದು ಶುರು ಮಾಡಿದವಳು ನಿಲ್ಲಿಸಿದೆ. ನೀವು ಎನ್ನುವುದು ಯಾವಾಗ ಬಿಟ್ಟುಹೋಯಿತೋ.

"ನಿಮ್ಮ ಸಾಲಲ್ಲಿ ನಿಲ್ಲೋ ಧೈರ್ಯ ಇರ್ಲಿಲ್ಲ ಮಿಸ್. ಮೀನ್ ಸ್ಕೋರ್ ಅಂತ ಕೂಗೋನ ಮಗಳ ಮೇಲೆ ಯಾರಿಗೆ ಅನುಮಾನ ಬರುತ್ತೆ? ಅದಕ್ಕೇ ನಂದೇ ಒಂದು ಸಾಲು ಮಾಡ್ಕೊಂಡೆ."

ಬ್ಯಾಂಕಿನ ದೊಡ್ಡ ಆಫೀಸರ್, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಬೈಯಬಹುದಿತ್ತು. ಬೈಗುಳ ಬಾಯಿಗೆ ಬರಲೇ ಇಲ್ಲ. ಪಾಪ, ಆ ಮಗು ಅವತ್ತು ಕಾರಿನಲ್ಲಿ ಎಷ್ಟು ಹೆದರಿಕೊಂಡಿತ್ತೋ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವನ ಮುಂದೆ ಇಟ್ಟೆ.

"ಧನಂಜಯ, ನನಗೆ ನಿನ್ನ ಓಟು ಬೇಕು" ಅಂದೆ.

ಅವನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ನಾಳೆ ಕೊಡ್ತೀನಿ ಮಿಸ್. ಯಾಕೆ ಅಂತಾನೂ ಎಲ್ರ ಎದುರಿಗೆ ಹೇಳ್ತೀನಿ" ಅಂದ.

೨೧ ಫೆಬ್ರವರಿ

ಮಧ್ಯಾಹ್ನ ಫಿಲೋಮಿನಾ ಫೋನ್ ಮಾಡಿದಳು. ಧನಂಜಯ್ ಹೇಳಿದಂತೆಯೇ ಮಾಡಿದನಂತೆ. ಒಂದು ಮಗುವೂ ಹೊರಗೆ ಹೋಗುವುದಿಲ್ಲ.

ಸೋಮವಾರದಿಂದ ಸಂಜೆ ಹೊತ್ತು ಚಿರಂತನ್ ನಮ್ಮ ಮನೆಗೆ ಪಾಠಕ್ಕೆ ಬರುತ್ತಾನೆ. ಚಿನ್ಮಯಿಯೂ ಬರುತ್ತಾಳೆ. ಅಪ್ಪನೇ ಕಾರು ನಿಲ್ಲಿಸಿ, ಎಲ್ಲರೂ ನೋಡುವಂತೆ ಮುಂಬಾಗಿಲಿನಿಂದ ಕರೆತರುತ್ತಾನಂತೆ.